ಹಿಡಿದುಕೊಂಡ ಪಿಸ್ಟನ್



ಬಾವಿಯ ದಂಡೆಯ ತಗಡಿನ ಶೆಡ್ಡಿನಲ್ಲೋ, ಮುಚ್ಚಿಹೋದ ಹಿಟ್ಟಿನ ಗಿರಣಿಯ ಮೂಲೆಯಲ್ಲೋ, ಹಿತ್ತಲಿನ ಬೇವಿನ ಮರದ ಬುಡದಲ್ಲೋ ಒಂದು ಹಳೆಯ ಡೀಸೆಲ್ ಇಂಜಿನ್ ನಿಂತಿರದ ಊರು ನಮ್ಮ ಕಡೆ ಕಡಿಮೆ. ಕರೆಂಟಿನ ಮೋಟರು ಬಂತು, ಇಂಜಿನ್ ಮೂಲೆಗೆ ಸೇರಿತು. ಅದರ ಮೇಲೆ ಕೋಳಿ ಕೂತಿತು, ಗೊಬ್ಬರದ ಖಾಲಿ ಚೀಲ ಒಣಗಿತು. ಪಂಪ್‌ಸೆಟ್ಟಿಗೆ ಕರೆಂಟು ಉಚಿತವೇನೋ ಹೌದು, ಆದರೆ ತ್ರೀಫೇಸ್ ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ. ಪೈರು ಬಾಡುತ್ತಿರುವಾಗ ಟ್ರಾನ್ಸ್‌ಫಾರ್ಮರ್ ಸುಟ್ಟಿತು ಅನ್ನಿ, ಆಗ ಮನೆಯಲ್ಲಿ ಯಾರಿಗಾದರೂ ನೆನಪಾಗುತ್ತದೆ: ಅಪ್ಪನ ಕಾಲದ ಇಂಜಿನ್ ಇದೆಯಲ್ಲ! ಚೀಲ ತೆಗೆದು, ಧೂಳು ಕೊಡವಿ, ಹ್ಯಾಂಡಲ್ ಹಾಕಿ ತಿರುಗಿಸಲು ಹೋದರೆ ಅದು ಅಲುಗುವುದಿಲ್ಲ. ಇಂಜಿನ್ ಜಾಮ್.

ಆ ಜಾಮ್ ಬಿಡಿಸುವುದು ಹೇಗೆ ಎಂಬುದೇ ಇವತ್ತಿನ ಮಾತು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ನೋಡಿದಂತೆ ತುಕ್ಕಿನಿಂದ ಹಾಳಾದ ಇಂಜಿನ್ನುಗಳಿಗಿಂತ, ತುಕ್ಕು ಬಿಡಿಸುತ್ತೇವೆಂದು ಸುತ್ತಿಗೆ ಹಿಡಿದವರ ಕೈಯಲ್ಲಿ ಹಾಳಾದವೇ ಹೆಚ್ಚು.

ನಮ್ಮಲ್ಲಿ ಎರಡು ಜಾತಿಯ ಇಂಜಿನ್ ಹೆಚ್ಚು. ಒಂದು, ಎರಡೂ ಮಗ್ಗುಲಿಗೆ ಭಾರಿ ಚಕ್ರ ಹೊತ್ತು ಡುಗ್ ಡುಗ್ ಎಂದು ನಿಧಾನಕ್ಕೆ ಓಡುವ ಲಿಸ್ಟರ್ ಮಾದರಿ. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1930ರ ಆಸುಪಾಸಿನಲ್ಲಿ ಹೊರತಂದ ವಿನ್ಯಾಸವಿದು. ನಿಮಿಷಕ್ಕೆ 650 ಸುತ್ತು, 6 ಎಚ್‌ಪಿ, ಬೋರು, ಅಂದರೆ ಸಿಲಿಂಡರಿನ ಒಳ ಅಡ್ಡಳತೆ, 114 ಮಿಲಿಮೀಟರಿಗೆ ಚೂರು ಹೆಚ್ಚು. ಮೂಲದ ಕಂಪನಿ ಕೈಬಿಟ್ಟ ಮೇಲೂ ಗುಜರಾತಿನ ರಾಜ್‌ಕೋಟ್‌ನ ಕಾರ್ಖಾನೆಗಳು ಅದೇ ಅಚ್ಚಿನ ಇಂಜಿನ್ ಮಾಡುತ್ತಾ ಬಂದವು. ಇನ್ನೊಂದು ಕಿರ್ಲೋಸ್ಕರ್ ಎವಿ-1. ನಿಮಿಷಕ್ಕೆ 1500 ಸುತ್ತು, 5 ಎಚ್‌ಪಿ, ಬೋರು 80 ಮಿಲಿಮೀಟರ್. ಅಂದಹಾಗೆ, ಕಬ್ಬಿಣದ ನೇಗಿಲಿನಿಂದ ಹೆಸರು ಮಾಡಿದ ಆ ಮನೆತನದ ಹಿರಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ. ಮೊದಲು ಇಟ್ಟ ಅಂಗಡಿ ಬೆಳಗಾವಿಯಲ್ಲಿ, ಅದೂ ಸೈಕಲ್ಲಿನದು. ಮತ್ತೆ ಇಂಜಿನ್ನಿಗೆ ಬಂದರೆ, ಎರಡೂ ಜಾತಿಗೆ ಒಂದು ಸಿಲಿಂಡರು, ತಣಿಸಲು ನೀರು. ಹಾಗಾಗಿ ಇವತ್ತು ಹೇಳುವುದು ಹೆಚ್ಚುಕಡಿಮೆ ಎರಡಕ್ಕೂ ಹೊಂದುತ್ತದೆ.

ಜಾಮ್ ಎಂದರೆ ಸಾಮಾನ್ಯವಾಗಿ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡಿದೆ ಎಂದರ್ಥ. ಪಿಸ್ಟನ್ ಹಿಡಿಯುವುದು ಎರಡು ಬಗೆ. ಓಡುತ್ತಿರುವಾಗ ಹಿಡಿಯುವುದು ಒಂದು, ನಿಂತಲ್ಲೇ ಹಿಡಿಯುವುದು ಇನ್ನೊಂದು. ನಿಮ್ಮ ಇಂಜಿನ್ ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳದೆ ಪಾನಾ ಮುಟ್ಟಬೇಡಿ.

ಓಡುವಾಗ ಹಿಡಿಯುವುದು ಬಿಸಿಯಿಂದ. ನೀರಿನ ಪೈಪು ಕಳಚಿತು, ಯಾರೂ ನೋಡಲಿಲ್ಲ, ಅಥವಾ ಇಂಜಿನ್ನಿನ ತಳದ ಚೇಂಬರಿನಲ್ಲಿ ಎಣ್ಣೆ ಇರಲಿಲ್ಲ. ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಪಿಸ್ಟನ್ ಹೆಚ್ಚಾಗಿ ಅಲ್ಯೂಮಿನಿಯಮ್ಮಿನದು, ಸಿಲಿಂಡರು ಬೀಡುಕಬ್ಬಿಣದ್ದು. ಅದೇ ಬಿಸಿಗೆ ಕಬ್ಬಿಣ ಹಿಗ್ಗುವುದರ ಎರಡರಷ್ಟು ಅಲ್ಯೂಮಿನಿಯಂ ಹಿಗ್ಗುತ್ತದೆ. 80 ಮಿಲಿಮೀಟರಿನ ಪಿಸ್ಟನ್ 100 ಡಿಗ್ರಿ ಹೆಚ್ಚು ಕಾದರೆ ಅದರ ಅಡ್ಡಳತೆ ಸುಮಾರು 0.18 ಮಿಲಿಮೀಟರ್ ಬೆಳೆಯುತ್ತದೆ. ಸಿಲಿಂಡರು ಅಷ್ಟೇ ಕಾದರೂ ಬೆಳೆಯುವುದು 0.09 ಮಾತ್ರ. ಇಬ್ಬರ ನಡುವೆ ಬಿಟ್ಟಿರುವ ಸಂದು ಒಂದೆರಡು ಕೂದಲೆಳೆಯಷ್ಟು. ಅದು ಮುಗಿದ ಮೇಲೆ ಪಿಸ್ಟನ್ನಿನ ಮೆದು ಲೋಹ ಸಿಲಿಂಡರಿನ ಗೋಡೆಗೆ ಬಳಿದುಕೊಳ್ಳುತ್ತದೆ. ಹೀಗೆ ಹಿಡಿದದ್ದು ಎಷ್ಟೋ ಸಲ ತಣ್ಣಗಾದ ಮೇಲೆ ತಾನೇ ಬಿಡುತ್ತದೆ. ಬಿಟ್ಟಿತೆಂದು ಖುಷಿಪಟ್ಟು ಮತ್ತೆ ಓಡಿಸಿದರೆ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಅದನ್ನು ಬಿಚ್ಚಿಯೇ ನೋಡಬೇಕು, ಬೇರೆ ದಾರಿಯಿಲ್ಲ.

ನಿಂತಲ್ಲೇ ಹಿಡಿಯುವುದು ತುಕ್ಕಿನಿಂದ. ನೆಟ್ಟಗೆ ನಿಂತ ಸೈಲೆನ್ಸರ್ ಪೈಪಿನ ಬಾಯಿಗೆ ಮುಚ್ಚಳವಿರುವುದಿಲ್ಲ. ಇಂಜಿನ್ ನಿಂತಾಗ ಎಕ್ಸಾಸ್ಟ್ ವಾಲ್ವು ತೆರೆದ ಜಾಗದಲ್ಲಿ ನಿಂತಿದ್ದರೆ ಮಳೆನೀರು ನೆಟ್ಟಗೆ ಪಿಸ್ಟನ್ನಿನ ತಲೆಯ ಮೇಲೆ ಇಳಿಯುತ್ತದೆ. ಹೆಡ್ಡಿನ ಪ್ಯಾಕಿಂಗ್ ಹಳತಾಗಿದ್ದರೆ ತಣಿಸುವ ನೀರೂ ಜಿನುಗುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಮ್ಮಿಗೆ ಕೆಂಪು ತುಕ್ಕು ಹಿಡಿಯದು, ಆದರೆ ಅದರ ರಿಂಗು ಕಬ್ಬಿಣ, ಗೋಡೆಯೂ ಕಬ್ಬಿಣ. ಕಬ್ಬಿಣ ತುಕ್ಕಾದಾಗ ಮೊದಲಿನ ಗಾತ್ರದ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಇಲ್ಲದ ಜಾಗಕ್ಕಾಗಿ ರಿಂಗೂ ಗೋಡೆಯೂ ಒತ್ತಾಡಿ ಒಂದಾಗಿಬಿಡುತ್ತವೆ. ಹೊಲದಂಚಿನ ಇಂಜಿನ್ನುಗಳಲ್ಲಿ ಹೆಚ್ಚಿನವು ಈ ಬಗೆಯವು. ನನಗೆ ಕೇಳಿದರೆ ಇದೇ ವಾಸಿ. ಕಾಯುವ ಮನಸ್ಸಿದ್ದರೆ ಇದು ಬಿಡುತ್ತದೆ.

ಆದರೆ ಹ್ಯಾಂಡಲ್ ತಿರುಗದಿದ್ದರೆ ಪಿಸ್ಟನ್ನೇ ಕಳ್ಳ ಎಂದು ತೀರ್ಮಾನಿಸಬೇಡಿ. ಮೊದಲು ಬೆಲ್ಟು ಬಿಚ್ಚಿ, ಜಾಮ್ ಆದದ್ದು ಪಂಪು ಇದ್ದೀತು. ಆಮೇಲೆ ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ ಹೊರತೆಗೆಯಿರಿ. ಪಿಸ್ಟನ್ನಿನ ಮೇಲೆ ನೀರು ನಿಂತಿದ್ದರೆ ಅದು ಒತ್ತಿಕೊಳ್ಳದು, ಚಕ್ರ ತಿರುಗಗೊಡದು. ಬಲವಂತ ಮಾಡಿದರೆ ಬಾಗುವುದು ಕನೆಕ್ಟಿಂಗ್ ರಾಡು. ಹೆಡ್ ಬಿಚ್ಚುವಷ್ಟು ಬಲ್ಲವರಾದರೆ ಬಿಚ್ಚಿಯೇ ನೋಡುವುದು ಒಳ್ಳೆಯದು. ಎದುರಿಗೆ ಕಂಡ ರೋಗಕ್ಕೆ ಮದ್ದು ಹುಡುಕುವುದು ಸುಲಭ.

ಹೆಡ್ ತೆಗೆದ ಮೇಲೆ ಎರಡು ಸಂಗತಿ ಗಮನಿಸಿ. ಪಿಸ್ಟನ್ ಎಲ್ಲಿ ನಿಂತಿದೆ? ಅದರ ಮೇಲಿನ ಗೋಡೆ ಹೇಗಿದೆ? ಪಿಸ್ಟನ್ ಮೇಲಿನ ತುದಿಯಲ್ಲಿ ನಿಂತಿದ್ದರೆ ನಿಮ್ಮ ಅದೃಷ್ಟ. ಕೆಳಗಿನ ಗೋಡೆಗೆ ಚೇಂಬರಿನ ಎಣ್ಣೆಯ ಪಸೆ ಇರುತ್ತದೆ, ತುಕ್ಕು ಹತ್ತುವುದು ಕಡಿಮೆ. ಕೆಳಗೆ ನಿಂತಿದ್ದರೆ ಮೇಲಿನ ಗೋಡೆಯೆಲ್ಲ ಮಳೆಗೆ ಒಡ್ಡಿಕೊಂಡು ಕೆಂಪಾಗಿರುತ್ತದೆ. ಆ ಕೆಂಪನ್ನು ಹಾಗೇ ಬಿಟ್ಟು ಪಿಸ್ಟನ್ ಮೇಲಕ್ಕೆ ಎಳೆದರೆ ರಿಂಗು ತುಕ್ಕಿನ ದಿಬ್ಬಕ್ಕೆ ಸಿಕ್ಕಿ ಮುರಿಯುತ್ತದೆ. ಮೊದಲು ಎಮರಿ ಕಾಗದಕ್ಕೆ ಡೀಸೆಲ್ ಹಚ್ಚಿ ಗೋಡೆಯನ್ನು ಸುತ್ತಲೂ ಉಜ್ಜಿ. ಹೊಳಪು ಬರಬೇಕಿಲ್ಲ, ಬೆರಳು ಆಡಿಸಿದರೆ ಉಬ್ಬು ಸಿಗಬಾರದು, ಅಷ್ಟು ಸಾಕು. ಉಜ್ಜಿದ ಪುಡಿಯನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಪಿಸ್ಟನ್ನಿನ ಅಂಚಿನ ಸಂದಿಗೆ ಅದು ಇಳಿದರೆ ಇದ್ದ ಜಾಮಿಗೆ ಇನ್ನೊಂದು ಜಾಮು.

ಈಗ ಎಣ್ಣೆ. ಯಾವ ಎಣ್ಣೆ ಎಂದು ಎಲ್ಲರೂ ಕೇಳುತ್ತಾರೆ. ಅರ್ಧ ಡೀಸೆಲ್, ಅರ್ಧ ತೆಳುವಾದ ಇಂಜಿನ್ ಆಯಿಲ್ ಸಾಕು. ಸೀಮೆಎಣ್ಣೆ ಸಿಕ್ಕರೆ ಡೀಸೆಲ್ಲಿನ ಬದಲು ಅದು. ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆಯನ್ನೂ ಅಸಿಟೋನನ್ನೂ ಸಮಸಮ ಬೆರೆಸುವವರಿದ್ದಾರೆ. ಅದು ಸಂದಿಗೆ ಚೆನ್ನಾಗಿ ಇಳಿಯುತ್ತದೆ ನಿಜ, ಆದರೆ ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಹೊತ್ತಿಕೊಳ್ಳುತ್ತದೆ, ಬೀಡಿ ಸೇದುವವರ ಶೆಡ್ಡಿನಲ್ಲಿ ಬೇಡ. ಕೋಲಾ ಸುರಿಯಬಹುದೇ ಎಂದು ಹುಡುಗರು ಕೇಳುತ್ತಾರೆ. ಅದರಲ್ಲಿ ಫಾಸ್ಫರಿಕ್ ಆಮ್ಲ ಇದೆ, ಆದರೆ ತೀರ ಕಡಿಮೆ. ಅದಕ್ಕಿಂತ ಹೆಚ್ಚು ಸಕ್ಕರೆ ಇದೆ. ಅದನ್ನು ನೀವು ಕುಡಿಯಿರಿ, ಇಂಜಿನ್ನಿಗೆ ಬೇಡ. ಕಾಸ್ಟಿಕ್ ಸೋಡಾ ಹಾಕಿ ಎಂದು ಯಾರಾದರೂ ಹೇಳಿದರೆ ಮಾತ್ರ ಅವರನ್ನು ಶೆಡ್ಡಿನಿಂದ ಆಚೆ ಕಳಿಸಿ. ಅದು ಕಬ್ಬಿಣವನ್ನು ಬಿಟ್ಟು ಅಲ್ಯೂಮಿನಿಯಂ ಪಿಸ್ಟನ್ನನ್ನೇ ತಿಂದುಹಾಕುತ್ತದೆ. ತಿನ್ನುವಾಗ ಹೊಮ್ಮುವ ಹೈಡ್ರೋಜನ್ ಅನಿಲ ಒಂದು ಕಿಡಿ ತಾಗಿದರೂ ಸಿಡಿಯುತ್ತದೆ.

ಎಣ್ಣೆಯ ಜಾತಿಗಿಂತ ಹಾಕುವ ರೀತಿ ದೊಡ್ಡದು. ಧೋ ಎಂದು ಸುರಿದ ಮಳೆ ಹೊಲದ ಮೇಲೆ ಹರಿದುಹೋಗುತ್ತದೆ, ಜಿಟಿಜಿಟಿ ಮಳೆ ಇಂಗುತ್ತದೆ; ಎಣ್ಣೆಯೂ ಹಾಗೇ. ಪಿಸ್ಟನ್ನಿನ ಅಂಚು ಮುಳುಗುವಷ್ಟು ಹಾಕಿ, ಬಟ್ಟೆ ಮುಚ್ಚಿ, ಬಿಡಿ. ಮರುದಿನ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ದಾರಿ ಸಿಕ್ಕಿದೆ ಎಂದರ್ಥ. ಇನ್ನಷ್ಟು ಹಾಕಿ. ನಾಲ್ಕು ದಿನವಾದರೂ ಮಟ್ಟ ಇಳಿಯದಿದ್ದರೆ ಗಾಬರಿ ಬೇಡ, ಬಿಸಿಯ ಸಹಾಯ ಬೇಕು ಅಷ್ಟೆ.

ಗದಗಿನ ಕಡೆಯ ಒಬ್ಬ ಹಿರಿಯ ಮೇಸ್ತ್ರಿಯ ಕೆಲಸ ನೋಡಿದ್ದೇನೆ. ಇಂಜಿನ್ನಿನ ಯಜಮಾನ, ಇಪ್ಪತ್ತೈದರ ಹುಡುಗ, ಸುತ್ತಿಗೆ ಹಿಡಿದು ಚಡಪಡಿಸುತ್ತಿದ್ದ.

“ಅಜ್ಜಾ, ಎರಡ ಏಟು ಹಾಕಿದ್ರ ಬಿಡತೈತಿ ನೋಡ್ರಿ.”

“ತಮ್ಮಾ, ಎರಡನೇ ಏಟಿಗೆ ಬಿಡೂದು ಪಿಸ್ಟನ್ ಅಲ್ಲ, ಅದರ ತಲಿ. ಸುತ್ತಿಗಿ ಕೆಳಗ ಇಡು. ಎಣ್ಣಿ ಕೆಲಸಾ ಮಾಡ್ಲಿ, ನಾವು ಚಾ ಕುಡಿಯೂಣು.”

ಚಹಾ ಕುಡಿದಾದ ಮೇಲೆ ಅವರು ಮಾಡಿದ್ದೇನು ಗೊತ್ತೇ? ಒಲೆ ಹಚ್ಚಿಸಿ ಹಂಡೆ ತುಂಬ ನೀರು ಕಾಯಿಸಿದರು. ಸಿಲಿಂಡರಿನ ಸುತ್ತ ತಣಿಸುವ ನೀರು ಹರಿಯುವ ಟೊಳ್ಳು ಜಾಗ ಇರುತ್ತದಲ್ಲ, ಅದರ ಕೆಳಗಿನ ದಾರಿಗೆ ಬೆಣೆ ಹೊಡೆದು, ಮೊದಲು ಬೆಚ್ಚಗಿನ ನೀರು, ಆಮೇಲೆ ಕುದಿಯುವ ನೀರು ತುಂಬಿದರು. ಬೀಡುಕಬ್ಬಿಣಕ್ಕೆ ಒಮ್ಮೆಲೇ ಕುದಿನೀರು ಬಿದ್ದರೆ ಬಿರುಕು ಬಿಡುವ ಭಯ, ಅದಕ್ಕೇ ಆ ಕ್ರಮ. ಗೋಡೆ ಮೊದಲು ಕಾಯುತ್ತದೆ, ಪಿಸ್ಟನ್ ಇನ್ನೂ ತಣ್ಣಗಿರುತ್ತದೆ. ಆ ನಾಲ್ಕಾರು ನಿಮಿಷ ಗೋಡೆ ಹಿಗ್ಗಿ, ಸಂದು ಕೂದಲೆಳೆಯಷ್ಟು ತೆರೆದು, ಎಣ್ಣೆ ಕೆಳಗಿಳಿಯುತ್ತದೆ. ಹೊತ್ತು ಕಳೆದು ಪಿಸ್ಟನ್ನೂ ಕಾದರೆ ಲೆಕ್ಕ ತಿರುಗುಮುರುಗು. ಅಲ್ಯೂಮಿನಿಯಂ ಹೆಚ್ಚು ಹಿಗ್ಗಿ ಇನ್ನೂ ಬಿಗಿಯುತ್ತದೆ. ಆದ್ದರಿಂದ ನೀರು ಬಿಟ್ಟು ತಣಿಸಿ, ಮತ್ತೆ ಕಾಯಿಸಿ. ಕಾಯಿಸುವುದು, ತಣಿಸುವುದು ಎರಡೂ ಸೇರಿ ತುಕ್ಕಿನ ಹಿಡಿತವನ್ನು ಸಡಿಲಿಸುತ್ತವೆ. ಗ್ಯಾಸ್ ಕಟರಿನ ಬೆಂಕಿಯನ್ನು ಸಿಲಿಂಡರಿಗೆ ಹಿಡಿಯುವವರೂ ಇದ್ದಾರೆ. ಒಂದೇ ಕಡೆ ಕಾದ ಬೀಡು ಸೀಳುತ್ತದೆ, ಒಳಗಿನ ಎಣ್ಣೆ ಹೊತ್ತುತ್ತದೆ. ಹಂತಹಂತವಾಗಿ ತುಂಬಿದ ಕುದಿನೀರಿಗೆ ಆ ಎರಡೂ ಅಪಾಯವಿಲ್ಲ, ಕಾಲ ಮೇಲೆ ಚೆಲ್ಲಿಕೊಳ್ಳದಿದ್ದರೆ.

ಎಣ್ಣೆ ಇಂಗಿದ ಮೇಲೆ ಬಲ. ಬಲ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಏಟಿನ ಬಲ ಬೇಡ, ಒತ್ತುವ ಬಲ ಬೇಕು. ಚಕ್ರಕ್ಕೆ ಉದ್ದದ ಸನ್ನೆಕೋಲು ಕೊಟ್ಟು ಒಂದು ಕಡೆಗೆ ಒತ್ತಿ, ಬಿಟ್ಟು, ಇನ್ನೊಂದು ಕಡೆಗೆ ಒತ್ತಿ. ಕಣ್ಣಿಗೆ ಕಾಣದಷ್ಟು ಅಲುಗಿದರೂ ಸಾಕು. ಎಣ್ಣೆಯ ಮೇಲೆ ಸಣ್ಣ ಗುಳ್ಳೆ ಎದ್ದರೆ ಅಲುಗಿತೆಂದೇ ಲೆಕ್ಕ. ಆಗ ಉತ್ಸಾಹದಿಂದ ಪೂರ್ತಿ ಸುತ್ತು ತಿರುಗಿಸಲು ಹೋಗಬೇಡಿ. ಅಲುಗಿದಷ್ಟೇ ಹಿಂದೆ ಮುಂದೆ ಮಾಡುತ್ತಾ, ಎಣ್ಣೆ ಕೊಡುತ್ತಾ, ಅಂಗುಲ ಅಂಗುಲವಾಗಿ ದಾರಿ ಮಾಡಿಕೊಳ್ಳಿ.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಸಂಗತಿ ಇದೆ. ಪಿಸ್ಟನ್ ತೀರ ಮೇಲಿನ ತುದಿಯಲ್ಲೋ ತೀರ ಕೆಳಗಿನ ತುದಿಯಲ್ಲೋ ನಿಂತಿದ್ದರೆ ಕನೆಕ್ಟಿಂಗ್ ರಾಡೂ ಕ್ರ್ಯಾಂಕೂ ಒಂದೇ ಗೆರೆಯಲ್ಲಿರುತ್ತವೆ. ಆಗ ಚಕ್ರ ಸ್ವಲ್ಪ ಅತ್ತಿತ್ತ ಆಡುತ್ತದೆ, ಪಿಸ್ಟನ್ ಮಾತ್ರ ಇದ್ದಲ್ಲೇ ಇರುತ್ತದೆ. ಬಿಟ್ಟಿತು ಬಿಟ್ಟಿತು ಎಂದು ಕೂಗುತ್ತಾರೆ, ಬಿಟ್ಟಿರುವುದಿಲ್ಲ. ಹೀಗೆ ನಿಂತಿರುವಾಗ ಮೇಲಿನಿಂದ ಎಷ್ಟು ಒತ್ತಿದರೂ ಒತ್ತಡವೆಲ್ಲ ಕ್ರ್ಯಾಂಕಿನ ಬೇರಿಂಗಿಗೆ. ಮೇಲಿನ ತುದಿಯಲ್ಲಿ ಹಿಡಿದಿದ್ದರೆ ಚೇಂಬರಿನ ಪಕ್ಕದ ಬಾಗಿಲು ತೆಗೆದು, ರಾಡನ್ನು ಕ್ರ್ಯಾಂಕಿಗೆ ಹಿಡಿದಿರುವ ಬಿಗ್ ಎಂಡ್ ಬೋಲ್ಟು ಬಿಚ್ಚಿ, ಕ್ರ್ಯಾಂಕನ್ನು ಪಕ್ಕಕ್ಕೆ ಸರಿಸಿ, ಕೆಳಗಿನಿಂದ ಮರದ ತುಂಡು ಕೊಟ್ಟು ಪಿಸ್ಟನ್ನನ್ನು ಮೇಲಕ್ಕೇ ಹೊರಡಿಸಬೇಕು.

ನಡುವೆ ಎಲ್ಲೋ ಹಿಡಿದಿದ್ದರೆ ಇನ್ನೊಂದು ಉಪಾಯ. ಬೋರಿಗೆ ಸಡಿಲವಾಗಿ ಇಳಿಯುವಂತೆ ಗಟ್ಟಿ ಮರದ ಗುಂಡು ತುಂಡು ಕಡೆಯಿಸಿ ಪಿಸ್ಟನ್ನಿನ ಮೇಲೆ ಇಡಿ. ಅದರ ಮೇಲೆ ದಪ್ಪ ಕಬ್ಬಿಣದ ಪಟ್ಟಿ. ಪಟ್ಟಿಯ ತೂತುಗಳನ್ನು ಹೆಡ್ಡಿನ ಸ್ಟಡ್ಡಿಗೆ ತೂರಿಸಿ ನಟ್ ಹಾಕಿ ಎರಡೂ ಕಡೆ ಸಮವಾಗಿ ಬಿಗಿಮಾಡಿ. ಬಿಗಿಯಾದ ಮೇಲೆ ಕಾಲು ಸುತ್ತು, ಅಷ್ಟೇ. ನಾಳೆ ಮತ್ತೆ ಕಾಲು ಸುತ್ತು. ಒಂದು ಬೆಳಿಗ್ಗೆ ಬಂದು ನೋಡಿದರೆ ನಟ್ಟು ಕೈಯಿಂದಲೇ ತಿರುಗುವಷ್ಟು ಸಡಿಲವಾಗಿರುತ್ತದೆ. ರಾತ್ರಿ ಪಿಸ್ಟನ್ ತಾನೇ ಇಳಿದಿದೆ.

ಇಷ್ಟಕ್ಕೂ ಜಗ್ಗದ ಮೊಂಡು ಇಂಜಿನ್ನಿಗೆ ಗ್ರೀಸ್ ಗನ್ ಇದೆ. ಹೆಡ್ ಮರಳಿ ಕೂರಿಸಿ, ವಾಲ್ವು ತೆರೆಯುವ ಪುಷ್‌ರಾಡ್ ತೆಗೆದು ಎರಡೂ ವಾಲ್ವು ಮುಚ್ಚಿರುವಂತೆ ಮಾಡಿ, ಒಳಗೆಲ್ಲ ಗ್ರೀಸ್ ತುಂಬಿ, ನಾಜಲ್ ತೂತಿಗೆ ನಿಪ್ಪಲ್ ಹಾಕಿಸಿ ಗನ್ನಿನಿಂದ ಒತ್ತಬೇಕು. ಕೈಯ ಗನ್ನು ಚದರ ಸೆಂಟಿಮೀಟರಿಗೆ 100 ಕಿಲೋ ಒತ್ತಡ ಸಲೀಸಾಗಿ ಕೊಡುತ್ತದೆ. 80 ಮಿಲಿಮೀಟರಿನ ಪಿಸ್ಟನ್ ತಲೆ ಸುಮಾರು 50 ಚದರ ಸೆಂಟಿಮೀಟರ್. ಗುಣಿಸಿ ನೋಡಿ, 5 ಟನ್! ಅಷ್ಟು ಭಾರ ಒಂದೇ ಸಮನೆ, ಏಟಿಲ್ಲದೆ. ಆಮೇಲೆ ಗ್ರೀಸ್ ಬಳಿದು ತೆಗೆಯುವುದು ಹೇಸಿಗೆಯ ಕೆಲಸ, ಅದನ್ನೂ ಹೇಳಿಬಿಡಬೇಕು. ಗ್ರೀಸಿನ ಬದಲು ಕಂಪ್ರೆಸರಿನ ಗಾಳಿ ಬಿಡುವ ಯೋಚನೆ ಮಾತ್ರ ಬೇಡ. ಗಾಳಿ ಒತ್ತಿಕೊಂಡು ಕಾಯುತ್ತಿರುತ್ತದೆ. ಪಿಸ್ಟನ್ ಬಿಟ್ಟ ಗಳಿಗೆಯಲ್ಲಿ ಚಕ್ರ ತಿರುಗಿ ಕೈ ಮುರಿಯುತ್ತದೆ.

ಹಳೆಯ ಬೈಕು ಇಟ್ಟುಕೊಂಡವರಿಗೂ ಎರಡು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಮಾಡಿದ ಜಾವಾ, ಯೆಜ್ಡಿಗಳು ಇಂದಿಗೂ ಎಷ್ಟೋ ಮನೆಗಳಲ್ಲಿ ಜಾಮ್ ಆಗಿ ನಿಂತಿವೆ. ಅವುಗಳಲ್ಲಿ ಕಿಕ್ಕರೂ ಗೇರಿನ ಲಿವರೂ ಒಂದೇ. ಅದರ ಮೇಲೆ ನಿಂತು ಕುಣಿದರೆ ಹೋಗುವುದು ಗೇರ್‌ಬಾಕ್ಸಿನ ಒಳಭಾಗ. ಪ್ಲಗ್ ಬಿಚ್ಚಿ, ಎಣ್ಣೆ ಕೊಟ್ಟು, ಟಾಪ್ ಗೇರಿಗೆ ಹಾಕಿ, ಗಾಡಿಯನ್ನೇ ಹಿಂದೆ ಮುಂದೆ ತಳ್ಳಿ. ಸಿಲಿಂಡರು ಎತ್ತುವಾಗ ತಿರುಚಬೇಡಿ. ಟೂಸ್ಟ್ರೋಕ್ ಇಂಜಿನ್ನಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ, ರಿಂಗಿನ ತುದಿ ಅದಕ್ಕೆ ಸಿಕ್ಕಿದರೆ ಪಟ್ ಎಂದು ಮುರಿಯುತ್ತದೆ. ಕ್ರ್ಯಾಂಕು ಬಿಡಿ ಭಾಗಗಳನ್ನು ಒತ್ತಿ ಕೂರಿಸಿದ್ದು, ಪಿಸ್ಟನ್ನಿನ ತಲೆಗೆ ಕೊಟ್ಟ ಏಟಿಗೆ ಅದು ವಾಲುತ್ತದೆ.

ಮತ್ತೆ ಡೀಸೆಲ್ ಇಂಜಿನ್ನಿಗೆ ಬರೋಣ. ಪಿಸ್ಟನ್ ಬಿಟ್ಟಿತು, ಚಕ್ರ ತಿರುಗಿತು. ಅಂದೇ ಚಾಲೂ ಮಾಡುವ ಆಸೆ ಯಾರಿಗಿಲ್ಲ? ಮಾಡಬೇಡಿ. ಪಿಸ್ಟನ್ ಹೊರತೆಗೆದು ರಿಂಗು ನೋಡಿ. ರಿಂಗು ತನ್ನ ತೋಡಿನಲ್ಲಿ ಸಲೀಸಾಗಿ ಸರಿಯಬೇಕು. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆಯಲ್ಲಿ ನೆನೆಹಾಕಿ. ಹೊಸ ರಿಂಗಿನ ಸೆಟ್ಟಿಗೆ ದುಡ್ಡು ಹಾಕುವುದಾದರೆ ಇನ್ನೂ ಒಳ್ಳೆಯದು. ಹಳೆಯ ರಿಂಗಿನ ಮುರುಕು ತುಂಡೇ ತೋಡಿನ ಮಸಿ ಕೆರೆಯಲು ಒಳ್ಳೆಯ ಹತಾರ. ಗೋಡೆಯ ಮೇಲೆ ಉಗುರು ಆಡಿಸಿ. ಕಲೆ ಕಂಡರೂ ಉಗುರು ಸಿಕ್ಕದಿದ್ದರೆ ಹೋನಿಂಗ್ ಸಾಕು. ಉಗುರು ಸಿಕ್ಕುವಷ್ಟು ಗುಳಿ ಇದ್ದರೆ ಬೋರು ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಬೇಕು, ಇಲ್ಲವೇ ಲೈನರು ಬದಲಿಸಬೇಕು. ಚೇಂಬರಿನ ಎಣ್ಣೆ ಪೂರ್ತಿ ತೆಗೆದು, ತಳದ ನೀರು, ತುಕ್ಕಿನ ಕೆಸರು ಒರೆಸಿ ಹೊಸ ಎಣ್ಣೆ ಹಾಕಿ. ನೀವು ಮೇಲಿಂದ ಸುರಿದ ಡೀಸೆಲ್ಲೆಲ್ಲ ಅಲ್ಲಿಗೇ ಇಳಿದಿದೆ, ಆ ತೆಳು ಎಣ್ಣೆಯಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಚಾಲೂ ಮಾಡುವ ಮೊದಲು ಕೊನೆಯ ಎಚ್ಚರಿಕೆ. ಇದನ್ನು ದಯವಿಟ್ಟು ಮರೆಯಬೇಡಿ. ಪಿಸ್ಟನ್ನಿನ ಮೇಲೆ ಎಣ್ಣೆ ಉಳಿದಿದ್ದರೆ ಡೀಸೆಲ್ ಇಂಜಿನ್ ಅದನ್ನೇ ಸುಟ್ಟುಕೊಂಡು ಓಡತೊಡಗುತ್ತದೆ. ವೇಗ ಹದದಲ್ಲಿಡುವ ಗವರ್ನರಿನ ಹಿಡಿತಕ್ಕೆ ಸಿಗುವುದು ಪಂಪಿನಿಂದ ಬಂದ ಡೀಸೆಲ್ ಮಾತ್ರ, ಈ ಎಣ್ಣೆ ಅಲ್ಲ. ವೇಗ ಏರುತ್ತಲೇ ಹೋಗುತ್ತದೆ, ಡೀಸೆಲ್ ಬಂದ್ ಮಾಡಿದರೂ ನಿಲ್ಲುವುದಿಲ್ಲ. ಆದ್ದರಿಂದ ನಾಜಲ್ ಬಿಚ್ಚಿಟ್ಟು ಚಕ್ರವನ್ನು ಕೈಯಿಂದ ಚೆನ್ನಾಗಿ ತಿರುಗಿಸಿ, ಇದ್ದ ಎಣ್ಣೆಯೆಲ್ಲ ಆ ತೂತಿನಿಂದ ಹೊರಗೆ ಸಿಡಿದುಹೋಗಲಿ. ಮುಖ ದೂರವಿರಲಿ. ಚಾಲೂ ಮಾಡುವಾಗ ಒಬ್ಬರು ಗಾಳಿ ಎಳೆಯುವ ಬಾಯಿಯ ಹತ್ತಿರ ಒಂದು ಹಲಗೆ ಹಿಡಿದು ನಿಂತಿರಲಿ. ಹದ ತಪ್ಪಿದರೆ ಹಲಗೆಯಿಂದ ಬಾಯಿ ಮುಚ್ಚಬೇಕು, ಅಂಗೈಯಿಂದಲ್ಲ.

ಇಷ್ಟೆಲ್ಲ ಪಾಡು ಪಡುವಷ್ಟು ಆ ಇಂಜಿನ್ ಬಾಳುತ್ತದೆಯೇ? ಸಿಲಿಂಡರು ಸೀಳಿದ್ದರೆ, ಕ್ರ್ಯಾಂಕಿಗೆ ಗಾಯವಾಗಿದ್ದರೆ ಗುಜರಿಗೆ ಹಾಕಿ, ಅಳಬೇಡಿ. ಬರೀ ತುಕ್ಕಿನ ಜಾಮಾದರೆ ಬಾಳುತ್ತದೆ ಎಂದೇ ನನ್ನ ಅಭಿಪ್ರಾಯ. ಈ ಎರಡೂ ಜಾತಿಗೆ ರಿಂಗು, ಲೈನರು, ಪ್ಯಾಕಿಂಗ್ ಇಂದಿಗೂ ಪೇಟೆಯಲ್ಲಿ ಸಿಗುತ್ತವೆ. ರಿಪೇರಿಗೆ ಕಂಪ್ಯೂಟರ್ ಬೇಡ, ಪಾನಾ ಸೆಟ್ಟು ಸಾಕು.

ಇನ್ನು ನಿಮ್ಮ ಇಂಜಿನ್ ಜಾಮ್ ಆಗಿಲ್ಲದೆ ಸುಮ್ಮನೆ ನಿಂತಿದ್ದರೆ, ಈ ಭಾಷಣ ಮುಗಿದ ಮೇಲೆ ಹೋಗಿ ಮೂರು ಕೆಲಸ ಮಾಡಿ. ಸೈಲೆನ್ಸರಿನ ಬಾಯಿಗೆ ಒಂದು ಖಾಲಿ ಡಬ್ಬಿ ಬೋರಲು ಹಾಕಿ. ತಣಿಸುವ ನೀರನ್ನು ಪೂರ್ತಿ ಬಸಿದುಬಿಡಿ. ತಿಂಗಳಿಗೊಮ್ಮೆ ನಾಜಲ್ ತೂತಿನಿಂದ ನಾಲ್ಕು ಚಮಚ ಇಂಜಿನ್ ಆಯಿಲ್ ಬಿಟ್ಟು ಚಕ್ರವನ್ನು ಕೈಯಿಂದ ಎರಡು ಸುತ್ತು ತಿರುಗಿಸಿ.